ಕೋಲ್ನ್ ಕಾನ್ಸರ್ಟ್: ಮೊದಲು ಎಡಗೈ ಕೇಳಿ

ಶಿರಸಿಯಲ್ಲಿ ನಮ್ಮ ಜೊತೆ ಹಾರ್ಮೋನಿಯಂ ಕಲಿಯುವವರು ಕೇಳಿದ್ದರು: ಏನೂ ಬರೆದುಕೊಳ್ಳದೆ ಒಬ್ಬರೇ ಕೂತು ಒಂದು ಗಂಟೆ ಪಿಯಾನೋ ನುಡಿಸುವುದು ಹೇಗೆ? ಜಾಸ್ ಪಿಯಾನೋ ವಾದಕ ಕೀತ್ ಜಾರೆಟ್ ಹಾಗೆ ನುಡಿಸಿದ ಆಲ್ಬಂ 'ದಿ ಕೋಲ್ನ್ ಕಾನ್ಸರ್ಟ್' ಕೇಳುತ್ತಾ ಬರೆದಿಟ್ಟುಕೊಂಡದ್ದು ಇದು.

ಬಲಗೈ ಬಿಡಿ, ಮೊದಲು ಎಡಗೈ ಕೇಳಿ. ತಬಲಾ ಸೋಲೋಗೆ ನಾವು ಲೆಹರಾ ಕೊಡುತ್ತೇವಲ್ಲ, ಒಂದೇ ಸಾಲು ತಿರುಗಿ ತಿರುಗಿ? ಜಾಸ್‌ನಲ್ಲಿ ಅದಕ್ಕೆ ಹತ್ತಿರದ್ದು ವ್ಯಾಂಪ್. ಮೊದಲ ಭಾಗ ಸುಮಾರು 26 ನಿಮಿಷ. ಅದರಲ್ಲಿ ಹೆಚ್ಚುಕಡಿಮೆ 12 ನಿಮಿಷ ಎರಡೇ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು): ಎ ಮೈನರ್ ಸೆವೆನ್, ಜಿ ಮೇಜರ್. ಎರಡನೇ ಭಾಗದ ಶುರುವಿನ 8 ನಿಮಿಷವಂತೂ ಡಿ ಮೇಜರ್ ಒಂದೇ.

ಆದರೆ ಲೆಹರಾ ಕದಲಬಾರದು. ಜಾರೆಟ್ ಅವರ ಎಡಗೈ ಕದಲುತ್ತದೆ. ಆಲಾಪದ ಹಾಗೆ ತೇಲುತ್ತಿದ್ದದ್ದು ಮೆಲ್ಲಗೆ ಲಯಕ್ಕೆ ಬಂದು ಚರ್ಚಿನ ಗಾಸ್ಪೆಲ್ ಹಾಡಿನಂತೆ ಕುಣಿಯುತ್ತದೆ. ಕಾರ್ಡ್ ಮಾತ್ರ ಅವೇ. ಬಲಗೈ ದಾರಿ ಹುಡುಕುವಷ್ಟು ಹೊತ್ತು ಎಡಗೈ ನೆಲ ಹಿಡಿದಿರುತ್ತದೆ. ದಾರಿ ಸಿಕ್ಕಿತೋ, ಅದೂ ಅತ್ತ ಹೊರಳುತ್ತದೆ. ಹೊರಳಿದ ಕಡೆಯೆಲ್ಲ ನಿಮಿಷ ಗುರುತು ಹಾಕಿಕೊಳ್ಳಿ. ಈ ಆಲ್ಬಂನಲ್ಲಿ ಕಲಿಯಲಿಕ್ಕೆ ಇರುವುದು ಜಾಸ್ತಿ ಅಲ್ಲೇ.

ಶುರುವಿನ ಐದು ಸ್ವರ ನುಡಿಸಿ ನೋಡಿ. ಜಿ ಷಡ್ಜವಾದರೆ ಸ ಪ ಮ ಸ ರಿ. ಜರ್ಮನಿಯ ಕೋಲ್ನ್ ಒಪೆರಾ ಹೌಸಿನಲ್ಲಿ ಜನರನ್ನು ಒಳಗೆ ಕರೆಯುವ ಬೆಲ್ಲಿನ ಸ್ವರವೇ ಅದು ಅನ್ನುತ್ತಾರೆ. ರಿ ಮೇಲೆ ನಿಂತಾಗ ಇನ್ನೇನೋ ಬಾಕಿ ಇದೆ ಅನ್ನಿಸುತ್ತದೆ, ಅಲ್ವಾ?

ಕಛೇರಿ ಆ ಒಪೆರಾ ಹೌಸಿನಲ್ಲೇ ನಡೆದದ್ದು, 1975ರ ಜನವರಿ 24ರ ತಡರಾತ್ರಿ. ಜಾರೆಟ್ ಬೇಕೆಂದಿದ್ದ ದೊಡ್ಡ ಬೋಸೆಂಡಾರ್ಫರ್ ಪಿಯಾನೋ ಬದಲು ವೇದಿಕೆಗೆ ಬಂದದ್ದು ಸಣ್ಣದೊಂದು ಪಿಯಾನೋ. ಮೇಲಿನ ಸ್ವರ ತಗಡು ಬಡಿದ ಹಾಗೆ. ಕೆಳಗಿನದಕ್ಕೆ ತೂಕವಿಲ್ಲ. ಪೆಡಲ್ಲೂ ಸರಿಯಿಲ್ಲ. ಹಾಗಾಗಿ ಅವರು ನಡುವಿನ ಸಪ್ತಕಗಳಲ್ಲೇ ಜಾಸ್ತಿ ಓಡಾಡುತ್ತಾರೆ.

ವಾದ್ಯದ ಕೊರತೆಯೇ ದಾರಿ ತೋರಿಸುತ್ತದೆ ಅನ್ನುವುದು ನನ್ನ ಬೆರಳಿಗೆ ಅರ್ಥವಾದದ್ದು ಜುಲೈ ಮಳೆಯಲ್ಲಿ. ಥಂಡಿಗೆ ಮರ ಉಬ್ಬಿ ಹಾರ್ಮೋನಿಯಂನ ಗಂಧಾರ ಒತ್ತಿದರೆ ಮೇಲೇಳುತ್ತಿರಲಿಲ್ಲ. ಗುಂಯ್ ಅಂತ ಅದೊಂದೇ ಕೂಗು. ಆ ವಾರವಿಡೀ ದುರ್ಗಾ ರಾಗ ನುಡಿಸಿದೆ, ಅದಕ್ಕೆ ಗಂಧಾರವೇ ಬೇಡ. ರಿ-ಯಿಂದ ಮ-ಗೆ ಹಾರುವುದು ಬೆರಳಿಗೆ ಕೂತದ್ದು ಆಗಲೇ.

ಆಲ್ಬಂನ ಎರಡನೇ ಭಾಗ ಎ, ಬಿ, ಸಿ ಅಂತ ಮೂರು ತುಂಡು. ಎ, ಬಿ ಎರಡೂ ಒಂದೇ ಓಟ. ಎಲ್‌ಪಿ ರೆಕಾರ್ಡಿನ ಒಂದು ಬದಿಯಲ್ಲಿ ಹಿಡಿಯದ್ದಕ್ಕೆ ಮುರಿದದ್ದು. ಕೊನೆಯ 7 ನಿಮಿಷದ ಸಿ ಮಾತ್ರ ಮೊದಲೇ ಕಟ್ಟಿದ್ದ ಧಾಟಿ. ಅದನ್ನು ಬೇರೆಯಾಗಿ ಕೇಳಿ, ಹುಡುಕುವ ಕೈಗೂ ದಾರಿ ಗೊತ್ತಿರುವ ಕೈಗೂ ಇರುವ ವ್ಯತ್ಯಾಸ ಕಿವಿಗೇ ಸಿಗುತ್ತದೆ.