ಕಾರು ಇಳಿಸುವ ಮುನ್ನ ಹಂಪಿನ ಅಗಲ ನೋಡಿ

ಕಾರಿನ ಸಸ್ಪೆನ್ಷನ್ (ಚಕ್ರಕ್ಕೂ ಬಾಡಿಗೂ ನಡುವಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್) ಇಳಿಸಬೇಕು ಅನ್ನುವ ಮೈಸೂರಿನ ಹುಡುಗರು ಮೊದಲು ಕೇಳುವುದು 'ಎಷ್ಟು ಇಂಚು ಇಳಿಸಬಹುದು' ಅಂತ. ದಿನಾ ಓಡಾಡುವ ದಾರಿಯ ಹಂಪುಗಳು, ಅಂದರೆ ವೇಗ ತಗ್ಗಿಸುವ ರಸ್ತೆಯುಬ್ಬುಗಳು, ಕಾರು ಸಾಗುವ ದಿಕ್ಕಿನಲ್ಲಿ ಎಷ್ಟು ಅಗಲ ಇವೆ ಅನ್ನುವುದನ್ನು ಅದಕ್ಕೂ ಮೊದಲು ನೋಡಬೇಕು. ಎತ್ತರಕ್ಕಿಂತ ಅಗಲವೇ ಇಲ್ಲಿ ಮುಖ್ಯ.

ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೇಳಿದ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಲು ಮಾಡಿದ ಅಳತೆ ಅದು. ಸ್ವಿಫ್ಟ್ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಇರುವುದು 2.45 ಮೀಟರ್. ಹಾಗಾಗಿ ನಾಲ್ಕೂ ಚಕ್ರ ಒಟ್ಟಿಗೇ ಹಂಪಿನ ಮೇಲೆ ಬರುತ್ತವೆ, ಕಾರೂ ಅದರ ಜೊತೆಗೇ ಮೇಲೇರುತ್ತದೆ. ಚಕ್ರಗಳ ನಡುವೆ ರಸ್ತೆ ಉಬ್ಬುವುದು ಬರೀ ನಾಲ್ಕೂವರೆ ಸೆಂ.ಮೀ.! ಅದೇ 10 ಸೆಂ.ಮೀ. ಎತ್ತರದ ಹಂಪನ್ನು ಒಂದೆರಡು ಅಡಿ ಅಗಲಕ್ಕೆ ಹಾಕಿದರೆ ಕಥೆಯೇ ಬೇರೆ. ಮುಂದಿನ ಚಕ್ರ ದಾಟಿ ಇಳಿದಿರುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ. ಪೂರ್ತಿ 10 ಸೆಂ.ಮೀ. ಕಾರಿನ ಹೊಟ್ಟೆಯ ಕೆಳಗೇ ಬಂದು ನಿಲ್ಲುತ್ತದೆ. ಮಂಡ್ಯದ ಹಳ್ಳಿಗಳಲ್ಲಿ ಶಾಲೆ, ಗುಡಿಗಳ ಮುಂದೆ ನಾನು ನೋಡಿರುವುದು ಇಂಥವೇ ಜಾಸ್ತಿ. ಕಬ್ಬಿನ ಲಾರಿ ಓಡಾಡುವ ದಾರಿಯಲ್ಲಿ ಮಕ್ಕಳಿರುತ್ತಾರೆ, ಊರವರನ್ನು ದೂರುವ ಹಾಗಿಲ್ಲ.

ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ, 163 ಮಿ.ಮೀ. ಅದರಲ್ಲಿ 40 ಇಳಿಸಿದರೆ 123 ಉಳಿಯುತ್ತದೆ. ನಾಲ್ಕು ಜನ ಕೂತರೆ ಇನ್ನೂ ತಗ್ಗುತ್ತದೆ. ಅದಕ್ಕೇ ಖಾಲಿ ಕಾರನ್ನು ಅಳೆಯಬೇಡಿ. ಮನೆಯವರನ್ನೆಲ್ಲ ಕೂರಿಸಿ, ಡಿಕ್ಕಿಗೆ ಸಾಮಾನು ತುಂಬಿ, ಎಂಜಿನ್ನಿನ ಆಯಿಲ್ ಚೇಂಬರ್‌ನಿಂದ ನೆಲಕ್ಕೆ ಟೇಪ್ ಹಿಡಿಯಿರಿ.

ಇಳಿಸಿದರೆ ಲಾಭವೇ ಇಲ್ಲ ಅಂತಲ್ಲ. ಚಾಮುಂಡಿ ಬೆಟ್ಟದ ತಿರುವಿನಲ್ಲಿ ಒಳಗಿನ ಚಕ್ರದ ಭಾರ ಹೊರಗಿನ ಚಕ್ರಕ್ಕೆ ವಾಲುತ್ತದೆ. ಕಾರಿನ ಗುರುತ್ವ ಕೇಂದ್ರ ಕೆಳಗಿದ್ದಷ್ಟೂ ಈ ವಾಲುವಿಕೆ ಕಡಿಮೆ. ಆದರೆ ಆ ಕೇಂದ್ರ 55 ಸೆಂ.ಮೀ. ಎತ್ತರದಿಂದ 52ಕ್ಕೆ ಇಳಿದರೆ ಸಿಗುವ ಲಾಭ ಶೇ. 5ರಷ್ಟು, ಅಷ್ಟೇ.

ನನಗೆ ನಿಜಕ್ಕೂ ಭಯ ಆಗುವುದು ಗ್ರೈಂಡರ್ ಹಿಡಿದು ಸ್ಪ್ರಿಂಗ್ ಕತ್ತರಿಸುವುದನ್ನು ಕಂಡರೆ. ಸ್ಪ್ರಿಂಗ್ ಅಂದರೆ ಸುತ್ತಿದ ಉಕ್ಕಿನ ಸರಳು. ಭಾರ ಬಿದ್ದಾಗ ಪ್ರತಿ ಸುತ್ತೂ ಸ್ವಲ್ಪ ತಿರುಚಿಕೊಂಡು ಜಗ್ಗುತ್ತದೆ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದನ್ನು ತೆಗೆದರೆ ಉಳಿದದ್ದು ಶೇ. 20ರಷ್ಟು ಗಡುಸಾಗುತ್ತದೆ. ಕತ್ತರಿಸಿದ ತುದಿ ತನ್ನ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗುಂಡಿಗೆ ಇಳಿದಾಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಸರಿಯಬಹುದು. ಮೂಲ ಶಾಕ್ ಅಬ್ಸಾರ್ಬರ್ ನಿಂತಲ್ಲೇ ಮೊದಲಿಗಿಂತ ಹೆಚ್ಚು ಒತ್ತಿಕೊಂಡಿರುತ್ತದೆ. ಸಣ್ಣ ಗುಂಡಿಗೂ ಬಂಪ್ ಸ್ಟಾಪ್‌ಗೆ (ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ತಡೆಯುವ ರಬ್ಬರ್ ತುಂಡು) ಧಡ್ ಅಂತ ಬಡಿಯುತ್ತದೆ, ಏಟು ನೇರ ಬೆನ್ನಿಗೆ.

ಇಳಿಸಲೇಬೇಕು ಅಂದರೆ ಆ ಕಾರಿಗೆಂದೇ ಮಾಡಿದ ಗಿಡ್ಡ ಸ್ಪ್ರಿಂಗು, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಜೊತೆಯಾಗಿ ಹಾಕಿಸಿ. ಕಾಯಿಲ್‌ಓವರ್ (ಶಾಕ್ ಅಬ್ಸಾರ್ಬರ್ ಮೇಲೇ ಸ್ಪ್ರಿಂಗ್ ಸುತ್ತಿರುವ ಜೋಡಿ) ಆದರೆ ತಿರುಪಿನ ರಿಂಗ್ ತಿರುಗಿಸಿ ಎತ್ತರ ಹೊಂದಿಸಬಹುದು. ಯಾವುದೇ ಆದರೂ ಚಕ್ರ ನಿಲ್ಲುವ ಕೋನ ಬದಲಾಗುತ್ತದೆ. ಅವತ್ತೇ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರಿನ ಒಳ ಅಂಚು ಬೇಗ ಸವೆಯುತ್ತದೆ. ಹೊರಗಿನಿಂದ ನೋಡಿದರೆ ಅದು ಕಾಣುವುದಿಲ್ಲ, ಬಗ್ಗಿ ಒಳಗೆ ಕೈಯಾಡಿಸಿ ನೋಡಬೇಕು.