ಮುಖ ಬಿಡಿ, ಕೈ ನೋಡಿ

ಇನ್‌ಸ್ಟಾಗ್ರಾಂನಲ್ಲಿ ಕ್ರೀಮಿನದೋ ಸೀರಮ್ಮಿನದೋ ಜಾಹೀರಾತು ಬಂದರೆ, ಮುಖ ಬಿಟ್ಟು ಆ ಹುಡುಗಿಯ ಕೈ ನೋಡಿ. ಹೆಚ್ಚಿನ ಸಲ ಅದಕ್ಕೆ ಕೆಲಸವೇ ಇರುವುದಿಲ್ಲ. ಬೆರಳ ತುದಿ ಕೆನ್ನೆಗೆ ತಾಗಿಯೂ ತಾಗದ ಹಾಗೆ ನಿಂತಿರುತ್ತದೆ. ಕುತ್ತಿಗೆ ಒಂದು ಕಡೆ ವಾಲಿರುತ್ತದೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1970ರ ದಶಕದಲ್ಲೇ ಪತ್ರಿಕೆಗಳ ಜಾಹೀರಾತಿನಲ್ಲಿ ಇದನ್ನು ಗಮನಿಸಿದ್ದರು. ಗಂಡಸಿನ ಕೈ ವಸ್ತುವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಹೆಂಗಸಿನ ಕೈ ಸುಮ್ನೆ ಸವರುತ್ತದೆ, ಅದೂ ತನ್ನ ಮೈಯನ್ನೇ. ಈಗ ಪತ್ರಿಕೆ ಹೋಗಿ ರೀಲ್ಸ್ ಬಂದಿದೆ. ಭಂಗಿ ಮಾತ್ರ ಹಾಗೇ ಇದೆ.

ಅದೇ ರೀಲ್ಸ್ ಅಡಿಕೆ ಸುಲಿತದ ಕಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಅಂಗಳಗಳಲ್ಲೂ ಓಡುತ್ತದೆ. ನೋಡುವ ಹೆಂಗಸರು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತವರು. ಬೆರಳುಗಳೆಲ್ಲ ಚೊಗರಿನಿಂದ, ಅಂದರೆ ಅಡಿಕೆಯ ಒಗರು ರಸದಿಂದ, ಕಪ್ಪು. ಎಷ್ಟು ಸೋಪು ಉಜ್ಜಿದರೂ ಅದು ಬಿಡುವುದಿಲ್ಲ. ಆ ರಸದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಚರ್ಮದ ಕೆರಟಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಗಾಳಿ ತಾಗಿ ಕಪ್ಪಾಗುತ್ತದೆ. ಅಂಟಿಕೊಳ್ಳುವುದು ಚರ್ಮದ ಹೊರಗಿನ ಸತ್ತ ಕೋಶಗಳಿಗೆ. ಆ ಪದರ ಸವೆದು ಉದುರಿದ ಮೇಲೇ ಕೈ ಮೊದಲಿನ ಹಾಗಾಗುತ್ತದೆ.

ಜಾಹೀರಾತಿನ ‘ಗ್ಲೋ’ ಇರುವುದೂ ಈ ಸತ್ತ ಪದರದಲ್ಲೇ. ಮುಖದ ಮೇಲೆ ಅದು ಕಾಗದಕ್ಕಿಂತ ತೆಳು. ಒಣಗಿದರೆ ಒರಟಾಗಿ ಬೆಳಕು ಚದುರುತ್ತದೆ. ಕ್ರೀಮು ನೀರಿನಂಶ ಹಿಡಿದಿಟ್ಟರೆ ನುಣುಪಾಗಿ ಹೊಳೆಯುತ್ತದೆ, ಅಷ್ಟೇ. ಹಿಮ್ಮಡಿ ಒಡೆದರೆ ನಮ್ಮಲ್ಲಿ ಮುರುಗಲ ತುಪ್ಪ ಹಚ್ಚುವುದೂ ಇದಕ್ಕೇ. ಆ ತುಪ್ಪವೇ ಈಗ ಕೋಕಂ ಬಟರ್ ಅಂತ ಲಿಪ್‌ಬಾಮ್ ಡಬ್ಬಿಯಲ್ಲಿ ಕೂತಿದೆ!

ಬಣ್ಣದ ಕತೆ ಇನ್ನೂ ಒಳಗಿನದು. ಬಣ್ಣ ತಯಾರಿಸುವ ಮೆಲನೊಸೈಟ್ ಕೋಶಗಳು ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಅವು ಮೆಲನಿನ್ ಎಂಬ ಬಣ್ಣವನ್ನು ಎಷ್ಟು ಮಾಡುತ್ತವೆ, ಯಾವ ಬಗೆಯದು ಅನ್ನುವುದರಲ್ಲಿ ವ್ಯತ್ಯಾಸ. ಈ ಮೆಲನಿನ್ ಬಿಸಿಲಿನ ಅತಿನೇರಳೆ ಕಿರಣದಿಂದ ಡಿಎನ್‌ಎಯನ್ನು ಕಾಯುತ್ತದೆ. ಕ್ರೀಮುಗಳಲ್ಲಿ ಹಾಕುವ ನಯಾಸಿನಮೈಡ್ ಎಂಬ ವಿಟಮಿನ್, ಈ ಮೆಲನಿನ್ ಚರ್ಮದ ಮೇಲ್ಪದರದ ಕೋಶಗಳಿಗೆ ಸಾಗುವುದನ್ನು ಸ್ವಲ್ಪ ತಡೆಯುತ್ತದೆ, ನಿಜ. ಆದರೆ ಹಚ್ಚುವುದು ಬಿಟ್ಟರೆ ಪರಿಣಾಮವೂ ಹೋಗುತ್ತದೆ.

ಫೇರ್ ಅಂಡ್ ಲವ್ಲಿ 1975ರಲ್ಲಿ ಬಂತು. ಬೆಳ್ಳಗಾದರೆ ಕೆಲಸ, ಬೆಳ್ಳಗಾದರೆ ಗಂಡು, ಇದು ಅದರ ಜಾಹೀರಾತಿನ ಕತೆ. ಕಪ್ಪಗಿರುವವರನ್ನು ಸೋತವರಂತೆ, ದುಃಖಿಗಳಂತೆ ತೋರಿಸಬಾರದು ಎಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ನಿಯಮ ಮಾಡಿತು. 2020ರಲ್ಲಿ ಆ ಕ್ರೀಮಿನ ಹೆಸರೂ ಗ್ಲೋ ಅಂಡ್ ಲವ್ಲಿ ಆಯಿತು. ಅಳುವ ಕಪ್ಪು ಹುಡುಗಿ ಮರೆಯಾದಳು, ಒಳ್ಳೆಯದೇ. ಅವಳ ಜಾಗಕ್ಕೆ ಬಂದವಳಿಗೆ ಚರ್ಮದಲ್ಲಿ ರಂಧ್ರಗಳೇ ಇಲ್ಲ. ಇದು ಸುಧಾರಣೆ ಅಂತ ನನಗೆ ಅನ್ನಿಸುವುದಿಲ್ಲ.

ರಂಧ್ರ ಅಂದರೆ ಕೂದಲ ಬುಡದ ಬಾಯಿ, ಜಿಡ್ಡು ಹೊರಬರುವ ದಾರಿ. ಯಾವ ಕ್ರೀಮೂ ಅದನ್ನು ಅಳಿಸಲಾರದು. ಅಳಿಸುವುದು ಫಿಲ್ಟರ್. ಅದು ಮೊದಲು ಕಣ್ಣು, ಮೂಗು, ತುಟಿಗಳ ಅಂಚು ಗುರುತಿಸಿಕೊಳ್ಳುತ್ತದೆ. ಅಂಚು ಚೂಪಾಗಿಯೇ ಉಳಿಸಿ, ಕೆನ್ನೆ, ಹಣೆಯ ಸಣ್ಣಪುಟ್ಟ ಏರಿಳಿತವನ್ನೆಲ್ಲ ಸರಾಸರಿ ಮಾಡಿ ಒರೆಸಿಬಿಡುತ್ತದೆ. ನಮ್ಮ ಸೆಲ್ಫಿಯ ಪಾಡು ತದ್ವಿರುದ್ಧ. ಕ್ಯಾಮೆರಾ 12 ಇಂಚು ದೂರದಲ್ಲಿದ್ದರೆ, 5 ಅಡಿಯಿಂದ ತೆಗೆದ ಫೋಟೋಗಿಂತ ಮೂಗು ಸುಮಾರು ಶೇ. 30ರಷ್ಟು ಅಗಲ ಕಾಣುತ್ತದೆ ಎಂದು 2018ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಒರೆಸಿದ ಮುಖದ ಪಕ್ಕ ಉಬ್ಬಿದ ಮುಖ ಇಟ್ಟು ನೋಡಿದರೆ ಯಾರಿಗೆ ಬೇಜಾರಾಗಲ್ಲ ಹೇಳಿ.

ಹೋಲಿಸದೆ ಇರುವುದೂ ಕಷ್ಟ. ಮನುಷ್ಯ ತನ್ನನ್ನು ಅಳೆದುಕೊಳ್ಳುವುದು ತನ್ನಂಥವರ ಜೊತೆಗೆ ಎಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಹೇಳಿದ್ದರು. ಸಿನಿಮಾ ನಟಿ ಎಲ್ಲೋ ದೂರದವಳು. ಆದರೆ ಶಿವಮೊಗ್ಗದ ಕನ್ನಡದಲ್ಲಿ, ನಮ್ಮ ಮನೆಯಂಥದೇ ಗೋಡೆಯ ಮುಂದೆ ಕೂತು, ‘ನಾನು ದಿನಾ ಇದನ್ನೇ ಹಚ್ಚೋದು ಕಣ್ರೇ’ ಅನ್ನುವವಳು ನಮ್ಮಂಥವಳೇ ಅಲ್ವಾ? ಕಂಪನಿಗಳು ದುಡ್ಡು ಕೊಡುವುದು ಆ ಹತ್ತಿರದ ದನಿಗೇ. ಹಾಗೆ ದುಡ್ಡು ಪಡೆದ ಪೋಸ್ಟಿಗೆ ಜಾಹೀರಾತು ಎಂಬ ಗುರುತು ಎದ್ದು ಕಾಣುವಂತಿರಬೇಕು, ಹ್ಯಾಶ್‌ಟ್ಯಾಗ್‌ಗಳ ರಾಶಿಯಲ್ಲಿ ಹೂತಿಡಬಾರದು ಎಂದು ಅದೇ ಜಾಹೀರಾತು ಮಾನದಂಡ ಮಂಡಳಿಯ 2021ರ ನಿಯಮ ಹೇಳುತ್ತದೆ. ಹುಡುಕಿ ನೋಡಿ, ಎಷ್ಟೋ ಸಲ ಸಿಗುವುದು ಆ ರಾಶಿಯಲ್ಲೇ.