ಸೋರುವ ರಕ್ತನಾಳಕ್ಕೆ ಎಷ್ಟು ಸಲೈನ್?

ಸೋಂಕು ವಿಪರೀತಕ್ಕೆ ಹೋಗಿ ಬಿಪಿ ಕುಸಿಯುವ ಸೆಪ್ಟಿಕ್ ಶಾಕ್‌ನಿಂದ ಐಸಿಯು ಸೇರಿದವರ ಮೈ ಒಂದೆರಡು ದಿನದಲ್ಲಿ ಊದಿಕೊಳ್ಳುವುದು ಸಾಮಾನ್ಯ. ರೆಪ್ಪೆ ಉಬ್ಬುತ್ತದೆ, ಪಾದವನ್ನು ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತದೆ. ಮೈತುಂಬ ನೀರಿದ್ದರೂ ಬಿಪಿ ಮಾತ್ರ ಮೇಲೇಳುವುದಿಲ್ಲ. ನೀರು ರಕ್ತನಾಳದೊಳಗೆ ನಿಲ್ಲದೆ ಹೊರಗೆ ಸೋರಿರುತ್ತದೆ.

ನಾಳದ ಒಳಮೈಗೆ ಒಂದೇ ಪದರದ ಜೀವಕೋಶಗಳ ಹೊದಿಕೆ. ಅದರ ಮೇಲೆ ಸಕ್ಕರೆ ಮತ್ತು ಪ್ರೋಟೀನ್ ಎಳೆಗಳ ತೆಳು ಲೇಪ, ಗ್ಲೈಕೋಕ್ಯಾಲಿಕ್ಸ್. ಸೋಂಕಿಗೆ ದೇಹ ಕೊಡುವ ಪ್ರತಿಕ್ರಿಯೆ ಹದ ತಪ್ಪಿದಾಗ ಈ ಲೇಪ ಕಿತ್ತುಬರುತ್ತದೆ, ಕೋಶಗಳ ನಡುವಿನ ಬೆಸುಗೆ ಸಡಿಲವಾಗುತ್ತದೆ. ನೀರನ್ನು ಒಳಗೆ ಹಿಡಿದಿಡಲು ನೆರವಾಗುವ ಆಲ್ಬುಮಿನ್ ಎಂಬ ಪ್ರೋಟೀನ್ ಕೂಡ ಆಚೆ ಜಾರುತ್ತದೆ. ಸಾಲದ್ದಕ್ಕೆ ನಾಳಗಳೂ ಹಿಗ್ಗಿರುತ್ತವೆ.

ಮೊದಲ ಗಂಟೆಗಳಲ್ಲಿ ಡ್ರಿಪ್ ಬೇಕು, ಅದರಲ್ಲಿ ಅನುಮಾನವಿಲ್ಲ. ವಯಸ್ಕರಿಗೆ ಮೊದಲ 3 ಗಂಟೆಯಲ್ಲಿ ಪ್ರತಿ ಕೆ.ಜಿ. ತೂಕಕ್ಕೆ ಕನಿಷ್ಠ 30 ಮಿ.ಲೀ. ಎಂಬುದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಲಹೆ, 60 ಕೆ.ಜಿ. ತೂಗುವವರಿಗೆ 1.8 ಲೀಟರ್. ಕಷ್ಟದ ಪ್ರಶ್ನೆ ಏಳುವುದು ಆಮೇಲೆ. ಇನ್ನಷ್ಟು ಹಾಕಿದರೆ ಅದೂ ಸೋರಿ ಶ್ವಾಸಕೋಶದಲ್ಲಿ ತುಂಬಬಹುದು. ಬಿಗಿ ಪೊರೆಯೊಳಗಿರುವ ಮೂತ್ರಪಿಂಡ ಊದಿ, ತನ್ನ ರಕ್ತಸಂಚಾರವನ್ನು ತಾನೇ ಅದುಮಿಕೊಳ್ಳಬಹುದು.

ಈ ವಿಷಯದಲ್ಲಿ ವೈದ್ಯರನ್ನು ಬೆಚ್ಚಿಬೀಳಿಸಿದ್ದು 2011ರ ಫೀಸ್ಟ್ ಅಧ್ಯಯನ. ಉಗಾಂಡ, ಕೀನ್ಯಾ, ತಾಂಜಾನಿಯಾಗಳಲ್ಲಿ ತೀವ್ರ ಜ್ವರ ಬಂದು ರಕ್ತಸಂಚಾರ ಕುಗ್ಗಿದ್ದ 3,000ಕ್ಕೂ ಹೆಚ್ಚು ಮಕ್ಕಳು ಅದರಲ್ಲಿದ್ದರು. ಸಲೈನ್ ಅಥವಾ ಆಲ್ಬುಮಿನ್ ಅನ್ನು ವೇಗವಾಗಿ ಹರಿಸಿದ ಗುಂಪುಗಳಲ್ಲಿ 48 ಗಂಟೆಯೊಳಗೆ ಶೇ. 10.5ರ ಆಸುಪಾಸು ಮಕ್ಕಳು ತೀರಿಕೊಂಡರು. ಹಾಗೆ ಹರಿಸದ ಗುಂಪಿನಲ್ಲಿ ಶೇ. 7.3. ಅಲ್ಲಿ ಮಲೇರಿಯಾ, ರಕ್ತಹೀನತೆ ಹೆಚ್ಚಿತ್ತು, ಐಸಿಯು ಸೌಲಭ್ಯ ಇರಲಿಲ್ಲ. ಆ ಲೆಕ್ಕವನ್ನು ಎಲ್ಲ ರೋಗಿಗಳಿಗೂ ಅನ್ವಯಿಸಲಾಗದು. ಆದರೂ, ಡ್ರಿಪ್‌ನಿಂದ ಕೆಡುವುದೇನೂ ಇಲ್ಲ ಎಂಬ ನಂಬಿಕೆ ಅಲುಗಾಡಿತು. ವಯಸ್ಕರಲ್ಲಿ ದ್ರವವನ್ನು ಕಡಿಮೆ ಮಾಡಿ ನೋಡಿದ 2022 ಮತ್ತು 2023ರ ಎರಡು ದೊಡ್ಡ ಅಧ್ಯಯನಗಳಲ್ಲಿ ಸಾವಿನ ಪ್ರಮಾಣ ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ಹಾಗಾಗಿ ಎಲ್ಲರಿಗೂ ಒಂದೇ ಅಳತೆ ಹುಡುಕುವುದಕ್ಕಿಂತ ಪ್ರತಿ ರೋಗಿಯನ್ನೂ ಮತ್ತೆಮತ್ತೆ ಪರೀಕ್ಷಿಸುವುದೇ ಸರಿ ಎನಿಸುತ್ತದೆ ನನಗೆ.

ಅದಕ್ಕೊಂದು ಸೊಗಸಾದ ದಾರಿಯಿದೆ. ಮಂಚವನ್ನು ಓರೆ ಮಾಡಿ ಕಾಲುಗಳನ್ನು 45 ಡಿಗ್ರಿ ಎತ್ತಿದರೆ ಕಾಲಿನ ರಕ್ತ ಎದೆಯ ಕಡೆ ಹರಿಯುತ್ತದೆ. ಒಂದು ನಿಮಿಷದೊಳಗೆ ಹೃದಯ ಪಂಪ್ ಮಾಡುವ ರಕ್ತ ಹೆಚ್ಚಿದರೆ ಡ್ರಿಪ್ ಕೆಲಸಕ್ಕೆ ಬರಬಹುದು. ಹೆಚ್ಚದಿದ್ದರೆ ಕಾಲು ಇಳಿಸಿದರಾಯಿತು, ಹನಿ ದ್ರವವೂ ಒಳಗೆ ಹೋಗಿರುವುದಿಲ್ಲ. ಆಗ ಹಿಗ್ಗಿದ ನಾಳಗಳನ್ನು ಬಿಗಿಗೊಳಿಸುವ ನಾರ್‌ಅಡ್ರಿನಲಿನ್ ಔಷಧಿಯ ಮೇಲೆ ಭಾರ ಹಾಕುತ್ತಾರೆ. ಆಂಟಿಬಯೋಟಿಕ್ ಕೆಲಸ ಮಾಡಿ, ಕೀವಿದ್ದರೆ ಅದನ್ನು ತೆಗೆದು, ಶಾಕ್ ಇಳಿದ ಮೇಲೆ ಕೆಲಸ ತಿರುವುಮುರುವಾಗುತ್ತದೆ: ಉಳಿದ ಹೆಚ್ಚುವರಿ ನೀರನ್ನು ಮೂತ್ರ ಹೆಚ್ಚಿಸುವ ಔಷಧಿಯಿಂದಲೋ, ಅದಕ್ಕೆ ಬಗ್ಗದಿದ್ದರೆ ಡಯಾಲಿಸಿಸ್‌ನಿಂದಲೋ ಹೊರಹಾಕುತ್ತಾರೆ.